ಆರನೇ ಸೆಲ್ಲು

ಮೊನ್ನೆ ಭಾನುವಾರ ಅಕ್ಕನ ಮಗ ಫೋನ್ ಮಾಡಿದ್ದ. ಹಾಯ್ ಇಲ್ಲ, ಆರಾಮಾ ಇಲ್ಲ, ನೇರ ವಿಷಯಕ್ಕೇ ಬಂದ.

"ಮಾವಾ, ಸ್ವಿಚ್ ಟೂ ತಗಳವಾ, ಸ್ಟೀಮ್ ಡೆಕ್ ತಗಳವಾ?"

ಪಾಪ, ಪರೀಕ್ಷೆಗೂ ಅಷ್ಟು ಓದಿರಲಿಕ್ಕಿಲ್ಲ, ಅಷ್ಟು ಓದಿಕೊಂಡಿದ್ದ. ಒಂದರ ಪರದೆ 7.9 ಇಂಚು, ಇನ್ನೊಂದರದ್ದು 7.4 ಇಂಚು. ಒಂದರಲ್ಲಿ ಮಾರಿಯೋ ಇದೆ, ಇನ್ನೊಂದರಲ್ಲಿ ಕಂಪ್ಯೂಟರಿಗೆ ಅಂತ ಕೊಂಡ ಆಟಗಳೆಲ್ಲ ಓಡ್ತವೆ. ಹತ್ತು ನಿಮಿಷ ಬಿಡದೇ ಹೇಳಿದ. ಕೊನೆಗೆ ನಾನು ಕೇಳಿದ್ದು ಒಂದೇ ಪ್ರಶ್ನೆ.

"ಬ್ಯಾಟ್ರಿ ಎಷ್ಟು ಹೊತ್ತು ಬತ್ತು?"

"ಅಯ್ಯೋ ಮಾವಾ, ನೀ ಯಾವಾಗ್ಲೂ ಬ್ಯಾಟ್ರಿಯದ್ದೇ ಕೇಳ್ತೆ!" ಅಂತ ನಕ್ಕುಬಿಟ್ಟ.

ಹೌದು, ಯಾವಾಗ್ಲೂ ಅದನ್ನೇ ಕೇಳ್ತೇನೆ. ಮೊಬೈಲ್ ಕೊಳ್ಳುವಾಗ್ಲೂ ಅದೇ, ಲ್ಯಾಪ್‌ಟಾಪ್ ಕೊಳ್ಳುವಾಗ್ಲೂ ಅದೇ. ಯಾಕೆ ಅಂತ ಅವನಿಗೆ ಹೇಳಲಿಲ್ಲ. ಇಲ್ಲಿ ಹೇಳ್ತೇನೆ.

ನಾನು ಹೇಳ್ತಾ ಇರೋದು 1995ರ ಮಳೆಗಾಲದ ಕತೆ. ಊರು ಮಾವಳ್ಳಿ. ಮಾವಳ್ಳಿ ಅಂದ್ರೆ ಹೊರಗಿನವರಿಗೆ ಗೊತ್ತಾಗೋದಿಲ್ಲ, ಮುರ್ಡೇಶ್ವರ ಅಂದ ಕೂಡಲೇ "ಓ, ಅಲ್ಲಾ!" ಅಂತಾರೆ. ಈಗಿನ 123 ಅಡಿಯ ಶಿವನ ಮೂರ್ತಿ ಆಗ ಇರಲಿಲ್ಲ, ರಾಜಗೋಪುರ ಇರಲಿಲ್ಲ, ಕೊಂಕಣ ರೈಲು ಇನ್ನೂ ಓಡ್ತಿರಲಿಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೈವೇ, ನಡುವೆ ಗದ್ದೆ, ತೆಂಗಿನ ತೋಟ, ಮತ್ತೆ ನಾವು. ಜೂನ್ ತಿಂಗಳಲ್ಲಿ ಒಂದು ಸಲ ಗಾಳಿ ಬೀಸಿ ಕರೆಂಟು ಹೋಯ್ತು ಅಂದ್ರೆ, ಎಲ್ಲೋ ಒಂದು ಕಡೆ ತಂತಿ ಮೇಲೆ ಮರ ಬಿದ್ದಿದೆ ಅಂತ ಅರ್ಥ. ಬಂದಾಗ ಬಂತು. ಎರಡು ದಿನವೂ ಆದೀತು, ನಾಲ್ಕು ದಿನವೂ ಆದೀತು.

ಆ ಊರಿನಲ್ಲಿ ಆ ವರ್ಷ ಎರಡು ಗೇಮು ಇದ್ದವು. ಬೇರೆಯವರ ಮನೆಗಳಲ್ಲಿ ಜಾತ್ರೆಯಲ್ಲಿ ಕೊಂಡ ಬ್ರಿಕ್ ಗೇಮ್ ಇತ್ತು ಬಿಡಿ, "9999 ಇನ್ 1" ಅಂತ ಡಬ್ಬದ ಮೇಲೆ ಬರೆದು ಒಳಗೆ ಹತ್ತು-ಹನ್ನೆರಡು ಆಟ ಇಟ್ಟಿರ್ತಿದ್ರಲ್ಲ, ಅದು. ನಾನು ಹೇಳ್ತಾ ಇರೋದು ನಿಜವಾದ ಗೇಮು.

ಒಂದು ನನ್ನದು. ಸೋದರಮಾವ ಹಡಗಿನಲ್ಲಿ ಕೆಲಸಕ್ಕಿದ್ದ, ಸಿಂಗಾಪುರದಿಂದ ಬರುವಾಗ ನಿಂಟೆಂಡೋ ಗೇಮ್ ಬಾಯ್ ತಂದುಕೊಟ್ಟಿದ್ದ. ಇನ್ನೊಂದು ಗದ್ದೆ ಆಚೆ ಮನೆಯ ನನ್ನ ಗೆಳೆಯನದ್ದು. ಅವನ ಅಪ್ಪ ದುಬೈಯಲ್ಲಿದ್ರು. ಭಟ್ಕಳ ಸೀಮೆಯಲ್ಲಿ ಇದೇನು ದೊಡ್ಡ ವಿಷಯ ಅಲ್ಲ. ಗಲ್ಫಿನ ಕಂಬಳಿ, ಗಲ್ಫಿನ ಸೆಂಟು, ಗಲ್ಫಿನ ಟಾರ್ಚು ಇಲ್ಲದ ಕೇರಿಯೇ ಇರಲಿಲ್ಲ. ಆದರೆ ಅವನಪ್ಪ ಈ ಸಲ ಹೋಗೋ ಮೊದಲು ತಂದುಕೊಟ್ಟಿದ್ದು ಸೆಗಾ ಗೇಮ್ ಗಿಯರ್.

ಮೊದಲ ಸಲ ಅದನ್ನ ನೋಡಿದ ದಿನ ನನಗೆ ಊಟ ಸೇರಲಿಲ್ಲ.

ನನ್ನ ಗೇಮ್ ಬಾಯ್ ಪರದೆ ಹೇಗಿತ್ತು ಅಂದ್ರೆ, ಪಾಚಿಗಟ್ಟಿದ ಕೆರೆಯ ನೀರಿನ ಹಾಗೆ. ಹಸಿರು. ಅದರಲ್ಲೂ ನಾಲ್ಕೇ ನಾಲ್ಕು ಛಾಯೆ. ಒಳಗೆ ಲೈಟ್ ಇಲ್ಲ. ಏನಾದ್ರೂ ವೇಗವಾಗಿ ಓಡಿದ್ರೆ ಹಿಂದೆ ನೆರಳು ಎಳೆದುಕೊಂಡು ಹೋಗ್ತಿತ್ತು. ಅವನದ್ದೋ... ಬಣ್ಣ! ನೀಲಿ ಸೋನಿಕ್ಕು, ಹಸಿರು ಹುಲ್ಲು, ಹಳದಿ ಉಂಗುರಗಳು. 4096 ಬಣ್ಣಗಳಲ್ಲಿ ಒಂದು ಸಲಕ್ಕೆ 32 ಬಣ್ಣ ತೋರಿಸುವ ತಾಕತ್ತು ಅದಕ್ಕಿತ್ತಂತೆ. ಹಿಂದಿನಿಂದ ಬೆಳಕು. ಕತ್ತಲೆಯ ಕೋಣೆಯಲ್ಲಿ ಹಚ್ಚಿದ್ರೆ ಅವನ ಮುಖವೆಲ್ಲ ಬೆಳಗ್ತಿತ್ತು. ತಮಾಷೆ ಅಂದ್ರೆ ಎರಡರ ಪರದೆಯಲ್ಲೂ ಇದ್ದ ಚುಕ್ಕಿಗಳ ಲೆಕ್ಕ ಒಂದೇ, 160 ಅಡ್ಡ, 144 ಉದ್ದ. ಇದು ನನಗೆ ಗೊತ್ತಾಗಿದ್ದು ಇಪ್ಪತ್ತು ವರ್ಷದ ನಂತರ. ಆಗ ಗೊತ್ತಿದ್ರೆ ಅವನ ಹತ್ರ ಹೇಳಿ ಸ್ವಲ್ಪ ಮಾನ ಉಳಿಸಿಕೊಳ್ತಿದ್ದೆ :-)

ಈಗ ಆ ಎರಡರ ಜಾತಕ ನೋಡಿದ್ರೆ ಎಲ್ಲ ಅರ್ಥವಾಗ್ತದೆ. ಗೇಮ್ ಬಾಯ್ ಬಂದದ್ದು 1989ರಲ್ಲಿ. ಅದನ್ನ ಮಾಡಿದ ತಂಡದ ಹಿರಿಯ ಗುನ್‌ಪೇ ಯೊಕೊಯಿ ಅಂತ. ಈ ಮನುಷ್ಯನಿಗೆ ಒಂದು ತತ್ವ ಇತ್ತು. ಹೊಚ್ಚ ಹೊಸ ತಂತ್ರಜ್ಞಾನದ ಹಿಂದೆ ಓಡಬೇಡ. ಹಳೆಯದಾಗಿ, ಅಗ್ಗವಾಗಿ, ಅದರ ಗುಣದೋಷ ಎಲ್ಲ ತಿಳಿದುಹೋದ ಸಾಮಾನನ್ನೇ ತಗೊಂಡು ಹೊಸ ಕೆಲಸಕ್ಕೆ ಹಚ್ಚು, ಅಂತ. ರೈಲಿನಲ್ಲಿ ಒಬ್ಬ ನೌಕರ ಬೇಜಾರಿಗೆ ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತಾ ಕೂತಿದ್ದನ್ನ ನೋಡಿ, ಅದೇ ಕ್ಯಾಲ್ಕುಲೇಟರಿನ ಪರದೆಯಿಂದ 1980ರಲ್ಲಿ 'ಗೇಮ್ ಅಂಡ್ ವಾಚ್' ಮಾಡಿದವ ಅವನು. ಗೇಮ್ ಬಾಯ್‌ಗೆ ಬಣ್ಣದ ಪರದೆ ಬೇಡ ಅಂದದ್ದೂ ಬುದ್ಧಿ ಇಲ್ಲದೇ ಅಲ್ಲ. ಬಣ್ಣ ಬೇಕು ಅಂದ್ರೆ ಹಿಂದೆ ಬೆಳಕು ಬೇಕು, ಬೆಳಕು ಬೇಕು ಅಂದ್ರೆ ಕರೆಂಟು ಬೇಕು. ಅಷ್ಟೇ ಲೆಕ್ಕ.

ಅದೇ ವರ್ಷ ಅಟಾರಿಯವರು ಲಿಂಕ್ಸ್ ಅಂತ ಬಣ್ಣದ್ದು ತಂದರು. ಮರುವರ್ಷ ಜಪಾನಿನಲ್ಲಿ ಸೆಗಾದವರು ಗೇಮ್ ಗಿಯರ್ ತಂದರು. ಇಬ್ಬರೂ ಬೆಳಕು ಹಾಕಿದರು. ಗೇಮ್ ಗಿಯರಿನ ಪರದೆಯ ಹಿಂದೆ ಇದ್ದದ್ದು ಒಂದು ಪುಟಾಣಿ ಟ್ಯೂಬ್‌ಲೈಟು ಅಂದ್ರೆ ತಪ್ಪಿಲ್ಲ. ಅದನ್ನ ಉರಿಸಲಿಕ್ಕೆ ಎಡಕ್ಕೆ ಮೂರು, ಬಲಕ್ಕೆ ಮೂರು, ಒಟ್ಟು ಆರು ಪೆನ್ಸಿಲ್ ಸೆಲ್ಲು ಬೇಕು. ಒಳ್ಳೆಯ ಆಲ್ಕಲೈನ್ ಸೆಲ್ಲು ಹಾಕಿದರೂ ಬಾಳ್ತಿದ್ದದ್ದು ಮೂರರಿಂದ ಐದು ಗಂಟೆ. ಗೇಮ್ ಬಾಯ್ ನಾಲ್ಕೇ ಸೆಲ್ಲಿನಲ್ಲಿ ಹದಿನೈದು ಗಂಟೆಗೆ ಮೋಸ ಇಲ್ಲ.

ಇದು ಆಲ್ಕಲೈನ್ ಲೆಕ್ಕ. ನಮ್ಮೂರಿನ ಅಂಗಡಿಯಲ್ಲಿ ಸಿಗ್ತಿದ್ದದ್ದು ಸಾದಾ ಜಿಂಕ್ ಸೆಲ್ಲು. ಆ ಸೆಲ್ಲಿನ ಸ್ವಭಾವ ಹೇಗೆ ಅಂದ್ರೆ, ಸ್ವಲ್ಪ ಸ್ವಲ್ಪ ಕೇಳಿದ್ರೆ ವರ್ಷಗಟ್ಟಲೆ ಕೊಡ್ತದೆ, ಒಮ್ಮೆಗೇ ಜಾಸ್ತಿ ಕೇಳಿದ್ರೆ ಮುಖ ತಿರುಗಿಸಿಬಿಡ್ತದೆ. ಗೇಮ್ ಗಿಯರಿನಲ್ಲಿ ಅದು ಒಂದು ಗಂಟೆ ಎಳೆದ್ರೆ ಹೆಚ್ಚು. ಆರು ಸೆಲ್ಲು ಅಂದ್ರೆ ನಮ್ಮಿಬ್ಬರ ತಿಂಗಳ ಐಸ್ ಕ್ಯಾಂಡಿ ದುಡ್ಡು.

"ಕರೆಂಟಿಗೆ ಹಾಕ್ಲಿಕ್ಕೆ ಬರ್ತಿರಲಿಲ್ವಾ?" ಅಂತ ನೀವು ಕೇಳಬಹುದು. ಅವನಪ್ಪ ಅಡಾಪ್ಟರನ್ನೂ ತಂದಿದ್ರು. ದುಬೈಯ ಅಡಾಪ್ಟರು, ಮೂರು ಚೌಕ ಪಿನ್ನಿನದ್ದು. ನಮ್ಮ ಗೋಡೆಯ ತೂತು ದುಂಡಗಿನದ್ದು. ಭಟ್ಕಳದಿಂದ ಅದಕ್ಕೊಂದು ಕನ್ವರ್ಟರ್ ತಂದದ್ದೂ ಆಯ್ತು. ಆದರೆ ಮಳೆಗಾಲದಲ್ಲಿ ಕರೆಂಟು ಇದ್ದರೆ ತಾನೇ.

ಹಾಗಾಗಿ ನಮ್ಮೂರಿನಲ್ಲಿ ಯಾವುದು ದೊಡ್ಡದು ಅನ್ನೋ ಪ್ರಶ್ನೆಗೆ ಹಗಲಿಗೊಂದು, ರಾತ್ರಿಗೊಂದು ಉತ್ತರ ಇತ್ತು. ಹಗಲು ಜಗಲಿಯಲ್ಲಿ ಕೂತರೆ ನನ್ನದೇ ರಾಜ. ಬಿಸಿಲು ಬಿದ್ದಷ್ಟೂ ಗೇಮ್ ಬಾಯ್ ಚೆನ್ನಾಗಿ ಕಾಣ್ತಿತ್ತು, ಗೇಮ್ ಗಿಯರ್ ಪರದೆ ಬೆಳಕಿನಲ್ಲಿ ತೊಳೆದುಹೋಗ್ತಿತ್ತು. ಸಂಜೆ ಚಿಮಣಿ ಹಚ್ಚಿದ ಮೇಲೆ ಅವನದ್ದು ರಾಜ. ನಾನು ಚಿಮಣಿಗೆ ಗೇಮ್ ಬಾಯ್ ಓರೆ ಹಿಡಿದು ಟೆಟ್ರಿಸ್ ಆಡಲಿಕ್ಕೆ ಹೋಗಿ ಹುಬ್ಬು ಸುಟ್ಟುಕೊಂಡದ್ದೂ ಇದೆ. ಮಳೆಗಾಲದಲ್ಲಿ ಹಗಲು ಎಷ್ಟು ಹೊತ್ತು ಅಂತ ನಮ್ಮ ಕಡೆಯವರಿಗೆ ಗೊತ್ತು. ಮೂರು ಗಂಟೆಗೇ ಕಪ್ಪು ಮೋಡ. ಅದಕ್ಕೇ ಆ ಜುಲೈ ಪೂರ್ತಿ ನನ್ನದು ಪೆಟ್ಟಿಗೆಯಲ್ಲಿತ್ತು, ನಾವಿಬ್ಬರೂ ಅವನ ಮನೆಯಲ್ಲಿದ್ವಿ.

ಇನ್ನು ಫೋನಿನ ವಿಷಯ ಹೇಳಬೇಕು.

ನಮ್ಮ ಕೇರಿಗೆಲ್ಲ ಫೋನು ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಪ್ರತಿ ಶುಕ್ರವಾರ ರಾತ್ರಿ ಎಂಟೂವರೆಗೆ ಅವನ ಅಪ್ಪ ದುಬೈಯಿಂದ ಫೋನ್ ಮಾಡ್ತಿದ್ರು. ಆಗ ಅಲ್ಲಿ ಶುಕ್ರವಾರ ರಜೆ, ಗಂಟೆ ಏಳು. ಕಾರ್ಡು ಹಾಕಿ ಮಾತಾಡೋ ಫೋನು, ಹಿಂದೆ ಸಾಲು ನಿಂತಿರ್ತಿತ್ತು. ಐದು ನಿಮಿಷಕ್ಕಿಂತ ಹೆಚ್ಚು ಮಾತಾಡಿದ್ದು ನಾನು ಕಂಡಿಲ್ಲ. ಎಂಟೂಕಾಲಿಗೆ ಅತ್ತೆ, ಅಂದ್ರೆ ಅವನ ಅಮ್ಮ, ನಾನು ಕರೆಯೋದು ಹಾಗೆ, ಮಕ್ಕಳನ್ನ ಕರಕೊಂಡು ಗದ್ದೆ ಬದುವಿನ ಮೇಲೆ ಬಂದು, ಸಂಕ ದಾಟಿ, ನಮ್ಮನೆ ಜಗಲಿಯಲ್ಲಿ ಕೂತಿರ್ತಿದ್ರು. ಒಂದು ವಾರವೂ ತಪ್ಪಿದ್ದಿಲ್ಲ.

ಅವನಿಗೊಬ್ಬಳು ಪುಟ್ಟ ತಂಗಿ. ಅಪ್ಪ ದುಬೈಗೆ ವಾಪಸ್ ಹೋದ ಮೇಲೆ ಹುಟ್ಟಿದವಳು. ಆ ವಾರ ಅವಳಿಗೆ "ಅಪ್ಪ" ಅನ್ನಲಿಕ್ಕೆ ಬಂದಿತ್ತು. ಗೋಡೆಯ ಮೇಲಿನ ಫೋಟೋ ತೋರಿಸಿ ತೋರಿಸಿ ಕಲಿಸಿದ್ರು. ಶುಕ್ರವಾರ ಫೋನಿನಲ್ಲಿ ಹೇಳಿಸಬೇಕು ಅಂತ ಅತ್ತೆ ವಾರವಿಡೀ ಅಭ್ಯಾಸ ಮಾಡಿಸ್ತಾ ಇದ್ರು. ಸೌಟನ್ನೇ ಫೋನಿನ ಹಾಗೆ ಕಿವಿಗೆ ಹಿಡಿದು, "ಯಾರು? ಅಪ್ಪ! ಅಪ್ಪ ಹೇಳು" ಅಂತ.

ಆ ಶುಕ್ರವಾರ ಶಾಲೆಯಿಂದ ಬರುವಾಗ ಒಟ್ಟು ಹಾಕಿದ ದುಡ್ಡಿನಲ್ಲಿ ಆರು ಸೆಲ್ಲು ಕೊಂಡ್ವಿ. ಕರೆಂಟು ಹೋಗಿ ಎರಡು ದಿನ ಆಗಿತ್ತು. ಸಂಕ ದಾಟುವಾಗ ಅವನ ಕೈಯಿಂದ ಒಂದು ಸೆಲ್ಲು ಜಾರಿ ಹಳ್ಳಕ್ಕೆ ಬಿತ್ತು. ಕೆಂಪು ನೀರು ರಭಸವಾಗಿ ಹರೀತಾ ಇತ್ತು. ಇನ್ನೆಲ್ಲಿ ಹುಡುಕೋದು!

ಐದು ಸೆಲ್ಲು ಹಾಕಿದ್ರೆ ಗೇಮ್ ಗಿಯರ್ ಕಣ್ಣೇ ಬಿಡೋದಿಲ್ಲ. ಆರೂ ಒಂದರ ಬಾಲಕ್ಕೆ ಒಂದು ಕಟ್ಟಿದ ಹಾಗೆ, ಒಂದು ಇಲ್ಲ ಅಂದ್ರೆ ದಾರಿಯೇ ಕಡಿದ ಹಾಗೆ. ನನ್ನ ಗೇಮ್ ಬಾಯ್‌ನಿಂದ ತೆಗೆಯೋಣ ಅಂದ್ರೆ ಅದರದ್ದು ಹಿಂದಿನ ವಾರವೇ ತೆಗೆದು ಮುಗಿಸಿ ಆಗಿತ್ತು. ಅವ ಅಳುವ ಹಾಗೆ ಆಗಿದ್ದ. ಆಗ ಹೇಳಿದ್ದು ನಾನು. ನನಗೆ ಇವತ್ತಿಗೂ ನೆನಪಿದೆ, ನಾನೇ.

"ನಿಮ್ಮನೆ ಗಡಿಯಾರದಲ್ಲಿ ಒಂದು ಇತ್ತಲ್ಲ ಮಾರಾಯ."

ಅತ್ತೆ ಕೊಟ್ಟಿಗೆಯಲ್ಲಿದ್ರು. ಸ್ಟೂಲ್ ಹತ್ತಿ ಗಡಿಯಾರ ಇಳಿಸಿ ಸೆಲ್ಲು ತೆಗೆದ್ವಿ. ಹಾಕಿದ್ವಿ. ಪರದೆ ಬೆಳಗಿತು. ಸೋನಿಕ್ಕು ಓಡಿತು. ಐದು ನಿಮಿಷ ಆಗಿರಬೇಕೇನೋ, ಪರದೆ ಮಂಕಾಯ್ತು, ಆರಿಹೋಯ್ತು. ಮತ್ತೆ ಒತ್ತಿದ್ರೆ ಮತ್ತೆ ಅರ್ಧ ನಿಮಿಷ. ಆಗ ಅರ್ಥ ಆಗಿರಲಿಲ್ಲ, ಈಗ ಗೊತ್ತು. ಗೋಡೆ ಗಡಿಯಾರ ಸೆಲ್ಲಿನಿಂದ ಕೇಳೋದು ಇರುವೆ ಹೊತ್ತಷ್ಟು. ಗೇಮ್ ಗಿಯರ್ ಕೇಳೋದು ಅದರ ಸಾವಿರಾರು ಪಟ್ಟು. ವರ್ಷದಿಂದ ಗಡಿಯಾರ ನಡೆಸಿದ ಮುದಿ ಸೆಲ್ಲು ಎಲ್ಲಿಂದ ಕೊಡಬೇಕು? ಅದರಲ್ಲಿ ಉಳಿದಿದ್ದ ಒಂದಷ್ಟನ್ನೂ ನಾವು ಹೀರಿಬಿಟ್ಟಿದ್ವಿ.

ಹೆದರಿ ಸೆಲ್ಲನ್ನ ವಾಪಸ್ ಗಡಿಯಾರಕ್ಕೆ ಹಾಕಿದ್ವಿ. ಸುಸ್ತಾದ ಸೆಲ್ಲು ಸ್ವಲ್ಪ ಹೊತ್ತು ಸುಧಾರಿಸಿಕೊಂಡ್ರೆ ಮತ್ತೆ ಚೂರು ಜೀವ ಬರ್ತದೆ. ಟಿಕ್ ಟಿಕ್ ಅಂತ ಹೊರಟಿತು. ಅಂದಾಜಿನಲ್ಲಿ ಮುಳ್ಳು ಮುಂದೆ ತಿರುಗಿಸಿ, ಗೋಡೆಗೆ ನೇತುಹಾಕಿ, ನಾನು ಮನೆಗೆ ಬಂದೆ. ಎಲ್ಲ ಸರಿಯಾಯ್ತು ಅಂದುಕೊಂಡೆ.

ಎಂಟೂವರೆಗೆ ಫೋನು ಹೊಡೆದುಕೊಂಡಿತು. ಜಗಲಿಯಲ್ಲಿ ಯಾರೂ ಇರಲಿಲ್ಲ. ನಾನೇ ಎತ್ತಿದೆ.

"ಯಾರು, ತಮನಾ? ಮನೆಯವ್ರು ಬಂದಿದಾರಾ?"

"ಇಲ್ಲ..."

ಆ ಕಡೆಯಿಂದ ಸ್ವಲ್ಪ ಹೊತ್ತು ಬರೀ ಗುಂಯ್ ಅನ್ನೋ ಸದ್ದು. "ಮಳೆಯಾ ಅಲ್ಲಿ? ಐದು ನಿಮಿಷ ಬಿಟ್ಟು ನೋಡ್ತೆ. ಹಿಂದೆ ಜನ ಇದಾರೆ."

ಆಯಿ ಕೊಡೆ ಕೊಟ್ಟು, "ಓಡು, ಕರಕಂಡು ಬಾ" ಅಂದಳು. ಓಡಿದೆ. ಆ ಮಳೆ, ಆ ಕತ್ತಲೆ, ಆ ಸಂಕ. ಅಲ್ಲಿ ಹೋಗಿ ನೋಡಿದ್ರೆ ಅತ್ತೆ ತಯಾರಾಗಿ ಕೂತಿದ್ರು. ಮಗುವಿಗೆ ಸ್ವೆಟರ್ ಹಾಕಿ, ಟೊಪ್ಪಿ ಕಟ್ಟಿ, ಚಿಮಣಿ ಪಕ್ಕಕ್ಕೆ ಇಟ್ಟುಕೊಂಡು. ಗೋಡೆಯ ಮೇಲೆ ಗಂಟೆ ಏಳು ನಲವತ್ತು. ಸೆಕೆಂಡಿನ ಮುಳ್ಳು ಒಂದೇ ಕಡೆ ನಿಂತು ಮುಂದೆ ಹೋಗಲಾರದೇ ಕುಣೀತಾ ಇತ್ತು.

"ಇನ್ನೂ ಹೊತ್ತಿತ್ತಲ್ಲಾ?" ಅಂದ್ರು ಅತ್ತೆ.

ನಾವು ಬಂದು ಮುಟ್ಟುವಾಗ ಎರಡನೇ ಸಲವೂ ಫೋನು ಬಂದು ಹೋಗಿತ್ತು. ಆಯಿ ಮಾತಾಡಿದ್ದಳು. ಕಾರ್ಡಿನ ದುಡ್ಡು ಮುಗಿದು ಮಧ್ಯದಲ್ಲೇ ಕಟ್ಟಾಯ್ತಂತೆ. "ಆರಾಮಿದ್ದೆ ಅಂದ್ರು. ಮತ್ತೆ ಮಾಡ್ತೆ ಅಂದ್ರು," ಅಂತ ಆಯಿ ಹೇಳಿದಳು.

ಅತ್ತೆ ಏನೂ ಹೇಳಲಿಲ್ಲ. ಒದ್ದೆ ಸೆರಗಿನಲ್ಲೇ ಜಗಲಿಯ ಮೇಲೆ ಕೂತ್ರು. ಮಗು ಹೆಗಲ ಮೇಲೆ ನಿದ್ದೆ ಹೋಗಿತ್ತು. ಅರ್ಧ ಗಂಟೆ ಕೂತಿರಬಹುದು, ಫೋನನ್ನೇ ನೋಡ್ತಾ. ಅವ ಒಂದು ಸಲ ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ.

ಮುಂದಿನ ಶುಕ್ರವಾರ ನಮ್ಮ ಲೈನೇ ಸತ್ತಿತ್ತು. ಅವರು ಮಾತಾಡಿದ್ದು ಅದರ ಮುಂದಿನ ವಾರ. ಮಗು ಫೋನು ಕಿವಿಗೆ ಇಟ್ಟ ಕೂಡಲೇ ಹೆದರಿ ಅತ್ತುಬಿಟ್ಟಿತು.

ಅದಾದ ಮೇಲೆ ಅವ ಗೇಮ್ ಗಿಯರ್ ಹೊರಗೆ ತೆಗೆಯಲೇ ಇಲ್ಲ. ಕೇಳಿದ್ರೆ "ಸೆಲ್ಲಿಲ್ಲ" ಅಂತಿದ್ದ. ನನಗೆ ಸಿಟ್ಟೂ ಬಂದಿತ್ತು. ಜಂಬ ಅಂದುಕೊಂಡಿದ್ದೆ.

ಆಮೇಲೆ ದೊಡ್ಡವನಾಗಿ ಬೆಂಗಳೂರಿಗೆ ಬಂದೆ, ಈ ಕೈಗೇಮಿನ ಹುಚ್ಚು ಮಾತ್ರ ಹೋಗಲಿಲ್ಲ. ಅವುಗಳ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಓದಿದಷ್ಟೂ ಮಾವಳ್ಳಿಯ ಜಗಳವೇ ಮತ್ತೆ ಮತ್ತೆ ಕಾಣ್ತಿತ್ತು. ಗೇಮ್ ಗಿಯರ್ ಸುಮಾರು 1 ಕೋಟಿ ಮಾರಾಟ ಆಗಿ ನಿಂತಿತು. ಗೇಮ್ ಬಾಯ್, 1998ರ ಬಣ್ಣದ್ದೂ ಸೇರಿ, 11 ಕೋಟಿ 80 ಲಕ್ಷ ದಾಟಿತು. ಗಲ್ಫ್ ಯುದ್ಧದಲ್ಲಿ ಸುಟ್ಟು ಕರಕಲಾದ ಒಂದು ಗೇಮ್ ಬಾಯ್, ಇನ್ನೂ ಟೆಟ್ರಿಸ್ ಓಡಿಸ್ತಾ, ನ್ಯೂಯಾರ್ಕಿನ ನಿಂಟೆಂಡೋ ಅಂಗಡಿಯಲ್ಲಿ ಬಹಳ ವರ್ಷ ಪ್ರದರ್ಶನಕ್ಕಿತ್ತು. 2004ರ ಕೊನೆಯಲ್ಲಿ ಮತ್ತೆ ಅದೇ ಜೋಡಿ ಬಂತು, ಹೆಸರು ಬೇರೆ. ಸೋನಿಯ ಪಿಎಸ್‌ಪಿ ಅಂದ್ರೆ 4.3 ಇಂಚಿನ ಹೊಳೆಯುವ ಪರದೆ, ಟೀವಿ ಗೇಮಿನಂಥ ಚಿತ್ರ, ಒಳಗೆ ತಿರುಗುವ ಡಿಸ್ಕು. ಡಿಸ್ಕು ತಿರುಗಿಸಲಿಕ್ಕೆ ಮೋಟರು, ಮೋಟರಿಗೆ ಬ್ಯಾಟರಿ. ನಿಂಟೆಂಡೋ ಡಿಎಸ್ಸಿನಲ್ಲಿ ಎರಡು ಸಣ್ಣ ಪರದೆ, ಚಿತ್ರ ಸಾಧಾರಣ, ಆದ್ರೆ ಗೀಚಿ ಆಡಬಹುದು, ಬೆಲೆ ಅಮೆರಿಕದಲ್ಲಿ 100 ಡಾಲರ್ ಕಡಿಮೆ. ಪಿಎಸ್‌ಪಿ ಸುಮಾರು 8 ಕೋಟಿ, ಡಿಎಸ್ 15 ಕೋಟಿ 40 ಲಕ್ಷ. ಹಾಗಂತ ಸೋತದ್ದು ಕೆಟ್ಟದ್ದು ಅಂತ ನಾನು ಹೇಳೋದಿಲ್ಲ. ಪಿಎಸ್‌ಪಿ ಕೈಯಲ್ಲಿ ಹಿಡಿದ ದಿನ ನನಗೆ ಮತ್ತೆ ಊಟ ಸೇರಲಿಲ್ಲ. ಕತ್ತಲೆಯ ಕೋಣೆಯಲ್ಲಿ ಬಣ್ಣ ನೋಡಿದ ಹುಡುಗನಿಗೆ ಬ್ಯಾಟರಿ ಲೆಕ್ಕ ಹೇಳಿದ್ರೆ ತಲೆಗೆ ಹೋಗ್ತದಾ?

ಯೊಕೊಯಿ 1996ರಲ್ಲಿ ನಿಂಟೆಂಡೋ ಬಿಟ್ಟ, ಮರುವರ್ಷ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಅವನು ಕೊನೆಗೆ ಕೈಹಾಕಿದ್ದ ವಂಡರ್‌ಸ್ವಾನ್ ಅನ್ನೋ ಗೇಮು ಹೊರಬಂದದ್ದು 1999ರಲ್ಲಿ, ಅವನು ಹೋದ ಮೇಲೆ. ಅದಕ್ಕೆ ಬೇಕಾದದ್ದು ಎಷ್ಟು ಸೆಲ್ಲು ಗೊತ್ತಾ? ಒಂದು. ಒಂದೇ ಒಂದು ಪೆನ್ಸಿಲ್ ಸೆಲ್ಲು. ಅದನ್ನ ಓದಿದ ರಾತ್ರಿ ನನಗೆ ಸುಮಾರು ಹೊತ್ತು ನಿದ್ದೆ ಬರಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಗೆಳೆಯ ಊರಿಗೆ ಬಂದಿದ್ದ. ಈಗ ಅವನೇ ದುಬೈಯಲ್ಲಿದ್ದಾನೆ. ದಿನಾ ಮಕ್ಕಳನ್ನ ವೀಡಿಯೋದಲ್ಲಿ ನೋಡ್ತಾನೆ, ಕಾರ್ಡಿಲ್ಲ, ಸಾಲಿಲ್ಲ. ಇಬ್ಬರೂ ಅಟ್ಟ ಹತ್ತಿ ಹಳೇ ಪೆಟ್ಟಿಗೆ ಇಳಿಸಿದ್ವಿ. ನನ್ನ ಗೇಮ್ ಬಾಯ್ ಸೆಲ್ಲಿನ ಜಾಗವೆಲ್ಲ ಕಿಲುಬು ಹಿಡಿದಿತ್ತು, ಉಪ್ಪು ಗಾಳಿ ಅಲ್ವಾ. ನಿಂಬೆರಸ ಹಚ್ಚಿ ತಿಕ್ಕಿ ಹಾಕಿದ್ರೆ, ಪರದೆಯಲ್ಲಿ ಎರಡು ಗೆರೆ ಸತ್ತಿದ್ದವು, ಆದ್ರೆ ಟಿಣ್ ಅಂತು! ಅವನ ಗೇಮ್ ಗಿಯರಿಗೆ ಹೊಸ ಸೆಲ್ಲು ಆರು ಹಾಕಿದ್ವಿ. ಸದ್ದಿಲ್ಲ, ಪರದೆಯಲ್ಲಿ ಏನೋ ಮಸುಕು. ಆ ಗೇಮಿನ ಒಳಗಿನ ಕೆಪಾಸಿಟರುಗಳು ಹೆಚ್ಚುಕಮ್ಮಿ ಎಲ್ಲದರದ್ದೂ ಸೋರಿಹೋಗ್ತವೆ. ಬದಲಾಯಿಸಬಹುದು, ಬದಲಾಯಿಸಿದ್ರೆ ಬದುಕ್ತದೆ.

ಆಗ ಕೇಳಿದೆ. ಮೂವತ್ತು ವರ್ಷದ ಮೇಲೆ.

"ಆ ಗಡಿಯಾರದ ಸೆಲ್ಲಿನ ವಿಷ್ಯ ಅತ್ತೆಗೆ ಗೊತ್ತಾಗಿತ್ತಾ?"

"ಆವತ್ತು ರಾತ್ರಿನೇ ಹೇಳ್ದೆ."

"ನಾ ಹೇಳಿದ್ದು ಅಂತ?"

"ಇಲ್ಲ. ನಾನೇ ತೆಗೆದೆ ಅಂದೆ. ಅಪ್ಪ ಬರೋ ತನಕ ಇದನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದ್ರು." ಗೇಮ್ ಗಿಯರನ್ನ ಬಟ್ಟೆಯಲ್ಲಿ ಒರೆಸ್ತಾ, ತಲೆ ಎತ್ತದೇ ಹೇಳಿದ. "ನಿನ್ನ ಹೆಸರು ಹೇಳಿದ್ರೆ, ನಿಮ್ಮನೆಗೆ ಫೋನಿಗೆ ಬರ್ಲಿಕ್ಕೆ ಅಮ್ಮಂಗೆ ಮುಜುಗರ ಆಗ್ತಿತ್ತಲ್ಲ."

ಹನ್ನೊಂದು ವರ್ಷದ ಹುಡುಗ ಅಷ್ಟು ಯೋಚನೆ ಮಾಡಿದ್ದ. ನಾನು ಜಂಬ ಅಂದುಕೊಂಡಿದ್ದೆ.

ಅಕ್ಕನ ಮಗನಿಗೆ ಕೊನೆಗೆ ಹೇಳಿದ್ದು ಇಷ್ಟು. ಹೊಸ ಸ್ವಿಚ್ಚಿಗೆ ಕಂಪನಿಯವರೇ ಹೇಳೋದು ಎರಡರಿಂದ ಆರೂವರೆ ಗಂಟೆ. ಡೆಕ್ಕಿನದ್ದೂ ಆಟದ ಮೇಲೆ ಹೋಗ್ತದೆ, ಭಾರದ್ದು ಆಡಿದ್ರೆ ಬೇಗ ಖಾಲಿ. ಈಗಾಗಲೇ ಕಂಪ್ಯೂಟರಿಗೆ ಆಟ ಕೊಂಡಿಟ್ಟಿದ್ರೆ ಡೆಕ್ಕು, ತಂಗಿಯ ಜೊತೆ ಕೂತು ಆಡೋದಾದ್ರೆ ಸ್ವಿಚ್ಚು. ಎರಡಕ್ಕೂ ದೊಡ್ಡ ಪವರ್ ಬ್ಯಾಂಕ್ ಒಂದು ತಗೋ. ಇನ್ನೂ ಯೋಚನೆ ಮಾಡ್ತಾ ಇದ್ದಾನಂತೆ.

ಅತ್ತೆ ಈಗ್ಲೂ ಅದೇ ಮನೆಯಲ್ಲಿದ್ದಾರೆ. ಸಂಕದ ಜಾಗದಲ್ಲಿ ಸಿಮೆಂಟಿನ ಮೋರಿ ಬಂದಿದೆ. ಗಡಿಯಾರ ಬದಲಾಗಿದೆ, ಅದರ ಕೆಳಗಿನ ಡ್ರಾದಲ್ಲಿ ಯಾವಾಗ ನೋಡಿದ್ರೂ ಎರಡು ಹೊಸ ಪೆನ್ಸಿಲ್ ಸೆಲ್ಲು ಇರ್ತದೆ, ಪ್ಯಾಕೆಟ್ ಒಡೆಯದೇ. ಮುಂದಿನ ತಿಂಗಳು ಊರಿಗೆ ಹೋಗುವವನಿದ್ದೇನೆ. ಈ ಸಲ ಅವರಿಗೆ ಹೇಳಿಯೇ ಬರಬೇಕು, ನಾನೇ ಅಂತ.